ಸೆಕೆಂಡಿಗೊಂದು ಟಿಕ್

ಬೆಲ್‌ಮಲೆಟ್ ದಾಟಿ ಹನ್ನೊಂದನೇ ಮೈಲಿ. ಅಲ್ಲಿಂದಾಚೆ
ಟೆಲಿಫೋನ್ ಕಂಬಗಳೂ ಕಡಲಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ.
ನೋರೀನ್ ಗಾಹನ್ ಬಾಗಿಲಲ್ಲೇ ಕಾದಿದ್ದಳು, ಕೈಯಲ್ಲಿ ನೋಟುಬುಕ್ಕು:
ಸೋಮವಾರ ಸಂಜೆ ಆರೂವರೆ, ಒಂದು ಮುಕ್ಕಾಲು ಮೆಗಾಬಿಟ್.
ಮಂಗಳವಾರ ಆರು ನಲವತ್ತು, ಪೂರಾ ಸತ್ತಿತು.
ಬುಧವಾರ ಮಳೆಯಿಲ್ಲ. ಪರವಾಗಿಲ್ಲ.
ಗುರುವಾರದ ಎದುರು ಬರೀ ಒಂದು ಬೈಗುಳ.

ಟೊರಾಂಟೊದ ಮೂರು ಮಕ್ಕಳಿಗೆ ಅವಳು ಪಿಟೀಲು ಕಲಿಸುತ್ತಾಳೆ.
ಕಮಾನು ಮೇಲೇರಿದಾಗ ಸ್ವರ ಇನ್ನೂ ಕೆಳಗೇ ಇರುತ್ತದಂತೆ,
ಆಮೇಲೆ ಮಗುವಿನ ಮುಖ ಚೌಕ ಚೌಕವಾಗಿ ಒಡೆಯುತ್ತದಂತೆ.
"ಆರಿಸಿ ಹಚ್ಚಿ ಅಂತ ಮಾತ್ರ ಹೇಳಬೇಡ," ಅಂದಳು,
"ಆರಿಸಿ ಹಚ್ಚಿ ನನ್ನ ಹೆಬ್ಬೆರಳು ಸವೆದಿದೆ."

ಮಾಮೂಲಿ ಆರೋಪಿಗಳನ್ನು ಒಬ್ಬೊಬ್ಬರನ್ನೇ ಕರೆದೆ.
ರೌಟರ್ ಕೂತದ್ದು ಮೀನಿನ ತೊಟ್ಟಿಯ ಹಿಂದೆ.
ನೀರು ವೈಫೈ ಕುಡಿಯುತ್ತದೆ ಎಂದಾಗ
ಮೀನನ್ನು ಅನುಮಾನದಿಂದ ನೋಡಿದಳು.
ಎರಡು ಅಡಿ ದಪ್ಪದ ಕಲ್ಲುಗೋಡೆ. ಹಾಲು ಬಿಸಿಯಾಗುವಷ್ಟು ಹೊತ್ತು
ಎಲ್ಲರನ್ನೂ ಸುಮ್ಮನಾಗಿಸುವ ಮೈಕ್ರೋವೇವ್.
ಎಲ್ಲರ ಮೇಲೂ ಒಂದಿಷ್ಟು ಗುನ್ನೆ ಇತ್ತು, ಆದರೆ
ತಂತಿಯನ್ನೇ ನೇರ ಚುಚ್ಚಿ ಅಳೆದರೂ ಲೆಕ್ಕ ಅಷ್ಟೇ.
ಸಂಜೆಯ ಜನಜಂಗುಳಿ ಅನ್ನೋಣವೆಂದರೆ
ಈ ರಸ್ತೆಗೆ ಮೂರೇ ಮನೆ, ಅದರಲ್ಲೊಂದು ಖಾಲಿ.

ಉಳಿದದ್ದು ದೂರ. ನಾಲ್ಕೂವರೆ ಕಿಲೋಮೀಟರ್.
ತಾಮ್ರಕ್ಕೆ ದೂರವೆಂದರೆ ವಯಸ್ಸು:
ಅಲ್ಲಿ ಹೊರಟಾಗ ಎಳೆಯ ಹುಡುಗ,
ಈ ಹೊಸ್ತಿಲು ತುಳಿಯುವಾಗ ಕೋಲೂರಿದ ಮುದುಕ.
ಆದರೂ ದೂರ ಸಂಜೆಗೆ ಹಿಗ್ಗುವುದಿಲ್ಲವಲ್ಲ.

ಮೂರು ಕಪ್ಪು ಟೀ ಕುಡಿದು ಆರೂವರೆ ಮಾಡಿದೆ.
ಮಂಜು ಹನಿಯತೊಡಗಿತ್ತು. ಗಾಡಿಯಿಂದ ಹಳೆಯ ರೇಡಿಯೋ ತಂದು
ಯಾವ ನಿಲಯವೂ ಇಲ್ಲದ ಕಡೆಗೆ ಮುಳ್ಳು ತಿರುಗಿಸಿದೆ.
ಟಿಕ್.
ಟಿಕ್.
ಕಿವಿ ಹಿಡಿದು ಎಳೆದುಕೊಂಡು ಹೋದಂತೆ ಹೋದೆ, ಹಿಂದೆ ಅವಳು,
ಅವಳ ರಬ್ಬರ್ ಬೂಟು ಜೌಗುನೆಲದಲ್ಲಿ ಪಚಪಚ.
ಟಿಕ್ ದಪ್ಪವಾಯಿತು. ಚಾಟಿಯಾಯಿತು.
ಅಲ್ಲಿ ಫೆಸ್ಟಸ್ ಮನೆಲಿಯ ವಿದ್ಯುತ್ ಬೇಲಿ. ದನಗಳನ್ನು
ಕೆಳಗಿನ ಹುಲ್ಲಿಗೆ ಬಿಟ್ಟು ದಿನಾ ಸಂಜೆ ಅದಕ್ಕೆ ಜೀವ ಕೊಡುತ್ತಾನೆ.

"ನನಗೆ ಗೊತ್ತಿತ್ತು," ಅಂದಳು. "ಹನ್ನೊಂದು ವರ್ಷದಿಂದ ಗೊತ್ತಿತ್ತು!"
ಒಂದು ಗೇಟಿನ ವಿಷಯಕ್ಕೆ ಮಾತು ಬಿಟ್ಟವರಂತೆ.
ಬೆಳಕು ಹಿಡಿದೆ. ಬೇಲಿ ಸರಿಯಾಗೇ ಇತ್ತು.
ಒದ್ದೆ ಮುಳ್ಳುಬಳ್ಳಿಯೊಂದು ಬಾಗಿ ತಂತಿಯ ಮೇಲೆ ಕೈಯಿಟ್ಟು
ಸೆಕೆಂಡಿಗೊಮ್ಮೆ ನೀಲಿ ಕಿಡಿ ಉಗುಳುತ್ತಿತ್ತು.
ಬಳ್ಳಿ ಹಿಡಿದು ಬುಡಕ್ಕೆ ಬಂದೆವು.
ಬುಡ ಇವಳ ಕಡೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ.
ರೋಗವಾದೀತೆಂದು ಯಾರೂ ಹೇಳಿರಲಿಲ್ಲ.

ಫೆಸ್ಟಸ್ ಆಚೆ ಬಂದು ನಿಂತ, ಕೈಯಲ್ಲಿ ಬಕೆಟ್ಟು.
ಯಾಕೆ ಎಂದು ಕೇಳದೆ ಬೇಲಿ ಆರಿಸಿದ.
ಅವಳು ಕತ್ತರಿಸಿದಳು, ಬೇಕಾದ್ದಕ್ಕಿಂತ ಜಾಸ್ತಿಯೇ.
ಮಾತು ಆಡಿದರೋ ಇಲ್ಲವೋ ತಿಳಿಯದು.
ಆಗ ನನ್ನ ಕಿವಿ ರೇಡಿಯೋಕ್ಕೆ ಅಂಟಿತ್ತು,
ಏನೂ ಇಲ್ಲದ್ದನ್ನು ಕೇಳುತ್ತಾ.

ನಾಲ್ಕು ಪಾಯಿಂಟ್ ಮೂರು. ಮಿಕ್ಕಿದ್ದು ದೂರದ ಪಾಲು ಅಂದೆ,
ಬರುವ ವರ್ಷ ಫೈಬರ್ ಅಂದೆ. ಹೋದ ವರ್ಷವೂ ಅಂದಿದ್ದೆ.
ಕಂಪನಿಯ ನಮೂನೆಯಲ್ಲಿ ದೋಷಕ್ಕೆ ಹದಿನಾಲ್ಕು ಚೌಕಗಳಿವೆ,
ಮುಳ್ಳಿಗೆ ಒಂದೂ ಇಲ್ಲ. "ಇತರೆ" ಎಂದು ಗೀಚಿದೆ.

ವಾಪಸು ಬರುವಾಗ ಪಕ್ಕದ ಸೀಟಿನಲ್ಲಿ ರೇಡಿಯೋ ಹಾಗೇ ಇತ್ತು.
ಸೇತುವೆಯ ಬಳಿ, ಬೇರೆ ಯಾರದೋ ಹೊಲದ ಪಕ್ಕ,
ಟಿಕ್.
ಅಲ್ಲಿಂದ ದೂರು ಬಂದಿರಲಿಲ್ಲ.
ಗಾಡಿ ನಿಲ್ಲಿಸಲಿಲ್ಲ.